ಬೆಳಗಾದರೂ ಖಾಲಿಯಾಗದ ಮೇವುಚೀಲ

ಕೋಳಿಗೆ ಹುಷಾರಿಲ್ಲ ಅಂತ ನಮಗೆ ಗೊತ್ತಾಗುವುದು ಸಾಮಾನ್ಯವಾಗಿ ತಡವಾಗಿಯೇ. ಗಿಡುಗ, ಬೆಕ್ಕು, ನಾಯಿ ಎಲ್ಲರಿಗೂ ಆಹಾರವಾಗಬಲ್ಲ ಹಕ್ಕಿ ಅದು. ಸುಸ್ತು ತೋರಿಸಿಕೊಂಡರೆ ಮೊದಲು ಬಲಿಯಾಗುವುದು ತಾನೇ. ಹಾಗಾಗಿ ಕೈಲಾಗುವವರೆಗೂ ಏನೂ ಆಗಿಲ್ಲ ಎಂಬಂತೆ ಓಡಾಡಿಕೊಂಡಿರುತ್ತದೆ. ಆದರೆ ಅದರ ಮೈಯಲ್ಲಿ ಒಂದು ಜಾಗ ಮಾತ್ರ ಸುಳ್ಳು ಹೇಳುವುದಿಲ್ಲ. ಕುತ್ತಿಗೆ ಮುಗಿದು ಎದೆ ಶುರುವಾಗುವಲ್ಲಿ, ಕೋಳಿಯ ಬಲಗಡೆಗೆ, ಚರ್ಮದ ಕೆಳಗೇ ಇರುವ ಮೇವುಚೀಲ. ಪಶುವೈದ್ಯರು ಕ್ರಾಪ್ ಎನ್ನುವುದು ಇದನ್ನೇ.

ಬೆಂಗಳೂರಿನಲ್ಲಿ ಈಗ ಟೆರೇಸ್ ಮೇಲೆ, ಕಾಂಪೌಂಡಿನ ಸಂದಿಯಲ್ಲಿ ಎರಡು ಮೂರು ಹ್ಯಾಟೆ ಸಾಕುವವರು ಸಿಗುತ್ತಾರೆ. ಹುಂಜ ಬೇಡ, ಬೆಳಗಿನ ಜಾವ ಕೂಗಿದರೆ ಪಕ್ಕದ ಮನೆಯವರು ಸುಮ್ನೆ ಬಿಡುವುದಿಲ್ಲ. ಹೀಗೆ ಸಾಕುವವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: "ನಮ್ಮ ಕೋಳಿಗೆ ಎದೆ ಹತ್ರ ಗಡ್ಡೆ ಥರ ಏನೋ ಬಂದಿದೆ, ಏನು ಮಾಡೋದು?" ಅದಕ್ಕೆ ತಿರುಗಿ ಕೇಳಬೇಕಾದ ಪ್ರಶ್ನೆ ಒಂದೇ: ನೀವು ನೋಡಿದ್ದು ಎಷ್ಟು ಹೊತ್ತಿಗೆ? ಸಂಜೆ ಆರು ಗಂಟೆಗೆ ಆ "ಗಡ್ಡೆ" ಇದ್ದರೆ ಕೋಳಿ ಹೊಟ್ಟೆ ತುಂಬ ತಿಂದಿದೆ ಅಂತ ಅರ್ಥ, ಸಂತೋಷಪಡಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ, ಇನ್ನೂ ಒಂದು ಕಾಳೂ ತಿನ್ನುವ ಮೊದಲು ಅದು ಹಾಗೇ ಇದ್ದರೆ ಯೋಚನೆ ಮಾಡಬೇಕು.

ಯಾಕೆ ಅಂತ ತಿಳಿಯಲು ಕೋಳಿ ತಿನ್ನುವ ರೀತಿಯನ್ನು ನೋಡಬೇಕು. ಅದಕ್ಕೆ ಹಲ್ಲಿಲ್ಲ, ಅಗಿಯುವುದಿಲ್ಲ, ಕಂಡದ್ದನ್ನು ಗಬಗಬ ನುಂಗುತ್ತದೆ. ಅದರ ಪೂರ್ವಜರಾದ ಕೆಂಪು ಕಾಡುಕೋಳಿಗಳು ಬಯಲಿಗೆ ಬಂದು ಬೇಗ ಬೇಗ ತಿಂದು ಪೊದೆಯೊಳಗೆ ಸೇರಿಕೊಳ್ಳುತ್ತಿದ್ದವು. ಮೊದಲು ತುಂಬಿಸಿಕೊಳ್ಳುವುದು, ಆಮೇಲೆ ನಿಧಾನವಾಗಿ ಜೀರ್ಣಿಸಿಕೊಳ್ಳುವುದು. ಅದಕ್ಕಾಗಿಯೇ ಈ ಚೀಲ. ನುಂಗಿದ್ದು ಯಾವಾಗಲೂ ಇಲ್ಲಿಗೇ ಬರಬೇಕೆಂದಿಲ್ಲ. ಕೆಳಗೆ ಜಾಗ ಖಾಲಿ ಇದ್ದರೆ ಕಾಳು ನೇರವಾಗಿ ಇಳಿದುಹೋಗುತ್ತದೆ. ಕೆಳಗೆ ತುಂಬಿದ್ದರೆ ಮಾತ್ರ ಚೀಲಕ್ಕೆ ತಿರುಗುತ್ತದೆ, ಅಲ್ಲಿ ನೆನೆದು ಮೆತ್ತಗಾಗುತ್ತದೆ, ಕೆಳಗಿನಿಂದ ಕರೆ ಬಂದಂತೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ.

ಕೆಳಗೆ ಎರಡು ಹೊಟ್ಟೆಗಳಿವೆ. ಮೊದಲನೆಯದು ಚಿಕ್ಕದು, ಆಮ್ಲ ಮತ್ತು ಜೀರ್ಣರಸ ಸುರಿಸುತ್ತದೆ. ಎರಡನೆಯದು ಗಿಜರ್ಡ್. ಕೋಳಿ ಅಂಗಡಿಯಲ್ಲಿ ಲಿವರ್ ಜೊತೆ ಹಾಕಿಕೊಡುವ ಗಟ್ಟಿ ಮಾಂಸದ ತುಂಡು ಇದೇ. ದಪ್ಪ ಸ್ನಾಯುವಿನ ಈ ಹೊಟ್ಟೆ ನಿಮಿಷಕ್ಕೆ ಎರಡು ಮೂರು ಸಲ ಹಿಂಡುತ್ತದೆ. ಕೋಳಿ ನುಂಗಿದ ಸಣ್ಣ ಕಲ್ಲುಗಳು ಒಳಗೆ ಕೂತು ಕಾಳನ್ನು ಅರೆಯುತ್ತವೆ. 18ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಸ್ಪಲಾಂಜಾನಿ ಟರ್ಕಿ ಕೋಳಿಗಳಿಗೆ ಸೂಜಿ ಚುಚ್ಚಿದ ಗುಂಡುಗಳನ್ನು ನುಂಗಿಸಿ ನೋಡಿದ್ದ. ಸೂಜಿಗಳು ಮುರಿದು ಮೊಂಡಾಗಿದ್ದವು, ಗಿಜರ್ಡ್‌ಗೆ ಏನೂ ಆಗಿರಲಿಲ್ಲ. ಟರ್ಕಿಗಳನ್ನು ಯಾರೂ ಕೇಳಿರಲಿಲ್ಲ, ಬಿಡಿ.

ಕಲ್ಲಿನ ವಿಷಯದಲ್ಲಿ ನಮ್ಮೂರಿಗೆ ಕೊರತೆಯಿಲ್ಲ. ಬೆಂಗಳೂರು ಕೂತಿರುವುದೇ ಗಟ್ಟಿ ಬಂಡೆಯ ಮೇಲೆ. ಲಾಲ್‌ಬಾಗ್‌ನಲ್ಲಿ ಜನ ಹತ್ತಿ ಸೂರ್ಯಾಸ್ತ ನೋಡುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮಣ್ಣಲ್ಲಿ ಕೆದಕುವ ಕೋಳಿಗೆ ಅದರ ಜಾತಿಯದೇ ಕಲ್ಲಿನ ಚೂರು ಧಾರಾಳವಾಗಿ ಸಿಗುತ್ತದೆ. ಆದರೆ ಮೂರನೇ ಮಹಡಿಯ ಟೆರೇಸಿನಲ್ಲಿ, ಟೈಲ್ಸ್ ಮೇಲೆ ಬೆಳೆದ ಕೋಳಿಗೆ? ಅದು ಅಪಾರ್ಟ್‌ಮೆಂಟಿನ ಮಗುವಿನ ಹಾಗೆ ಮಣ್ಣನ್ನೇ ಕಂಡಿರುವುದಿಲ್ಲ. ಫಾರಂನ ಪುಡಿ ಫೀಡ್ ಮಾತ್ರ ತಿಂದರೆ ಕಲ್ಲಿಲ್ಲದೆಯೂ ನಡೆಯುತ್ತದೆ. ಜೋಳ, ಸೊಪ್ಪು, ಹುಲ್ಲು ಕೊಡುವವರು ಒಂದು ಬಟ್ಟಲಲ್ಲಿ ಜೆಲ್ಲಿ ಕಲ್ಲಿನ ಚೂರನ್ನೂ ಇಡಬೇಕು. ಭತ್ತದ ಕಾಳಿನಷ್ಟು ಗಾತ್ರ ಸಾಕು. ತೊಳೆದು ಇಡಿ, ಸಿಮೆಂಟ್ ಬೆರೆತದ್ದು ಬೇಡ. ಕಪ್ಪೆಚಿಪ್ಪಿನ ಪುಡಿ ಈ ಕೆಲಸಕ್ಕೆ ಆಗುವುದಿಲ್ಲ, ಅದು ಆಮ್ಲದಲ್ಲಿ ಕರಗಿಹೋಗುತ್ತದೆ. ಅದರ ಉಪಯೋಗ ಬೇರೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟಲು 20 ಗಂಟೆ ಹಿಡಿಯುತ್ತದೆ, ಅದರಲ್ಲಿ ಹೆಚ್ಚಿನ ಭಾಗ ರಾತ್ರಿಯಲ್ಲಿ. ಮೊಟ್ಟೆ ಇಡುವ ಹ್ಯಾಟೆ ಸಂಜೆ ಹೊತ್ತು ಚಿಪ್ಪಿನ ಪುಡಿಯನ್ನು ಹುಡುಕಿಕೊಂಡು ಹೋಗಿ ತಿನ್ನುವುದನ್ನು ನೋಡಬಹುದು. ರಾತ್ರಿಯಿಡೀ ಮೇವುಚೀಲದಿಂದ ಅದು ಇಳಿಯುತ್ತಾ ಇರುತ್ತದೆ. ಸಾಲದೆ ಹೋದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದುಕೊಡುತ್ತದೆ.

ಈ ಚೀಲವನ್ನು ಬರೀ ಗೋಡೌನ್ ಅಂದುಕೊಳ್ಳುವುದೂ ತಪ್ಪು. ಒಳಗೆ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ. ಹಾಲನ್ನು ಮೊಸರು ಮಾಡುವುದು ಇವುಗಳ ನೆಂಟರೇ. ಅವು ಕಾಳನ್ನು ತುಸು ಹುಳಿ ಮಾಡುತ್ತವೆ, ಆ ಹುಳಿಯಲ್ಲಿ ಸಾಲ್ಮೊನೆಲ್ಲಾದಂಥ ಕೆಟ್ಟ ಸೂಕ್ಷ್ಮಾಣುಗಳು ಬೆಳೆಯಲು ಕಷ್ಟಪಡುತ್ತವೆ. ದಕ್ಷಿಣ ಅಮೆರಿಕದ ಹೊಆಟ್ಜಿನ್ ಎಂಬ ಹಕ್ಕಿಯಂತೂ ಸೊಪ್ಪನ್ನು ಮೇವುಚೀಲದಲ್ಲೇ ಹಸುವಿನ ಹೊಟ್ಟೆಯಲ್ಲಾಗುವಂತೆ ಕೊಳೆಸಿ ಜೀರ್ಣಿಸಿಕೊಳ್ಳುತ್ತದೆ. ಮೈಯೆಲ್ಲಾ ಸಗಣಿ ವಾಸನೆ. ಚೀಲ ಎಷ್ಟು ದೊಡ್ಡದೆಂದರೆ ಹಾರುವ ಸ್ನಾಯುಗಳಿಗೆ ಜಾಗವೇ ಕಡಿಮೆ. ನಮ್ಮ ಮೆಜೆಸ್ಟಿಕ್‌ನ ಪಾರಿವಾಳಗಳು ಇನ್ನೊಂದು ದಾರಿ ಹಿಡಿದಿವೆ. ಗಂಡು ಹೆಣ್ಣು ಎರಡರ ಮೇವುಚೀಲದ ಒಳಪದರವೂ ಸುಲಿದು, ಮರಿಗೆ ಹಾಲಿನಂಥ ಆಹಾರವಾಗುತ್ತದೆ. ತಾಯಂದಿರಲ್ಲಿ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೇ ಇದನ್ನೂ ತರಿಸುವುದು. 1930ರ ದಶಕದಲ್ಲಿ ಆಸ್ಕರ್ ರಿಡಲ್ ಮತ್ತು ಜೊತೆಗಾರರು ಆ ಹಾರ್ಮೋನನ್ನು ಪತ್ತೆ ಮಾಡಿದ್ದು ಪಾರಿವಾಳದ ಮೇವುಚೀಲ ದಪ್ಪವಾಗುತ್ತದಾ ಎಂದು ನೋಡುತ್ತಾ.

ಮತ್ತೆ ನಮ್ಮ ಕೋಳಿಗೆ ಬರೋಣ. ಬೆಳಿಗ್ಗೆ ಚೀಲ ತುಂಬಿದೆ. ಮುಟ್ಟಿ ನೋಡಬೇಕು. ಕೋಳಿಯನ್ನು ಎಡ ಕಂಕುಳಲ್ಲಿ ಹಿಡಿದು, ರೆಕ್ಕೆ ಬಡಿಯದಂತೆ ಮೈಗೆ ಒತ್ತಿಕೊಳ್ಳಿ. ಬಲಗೈ ಬೆರಳನ್ನು ಎದೆಯ ಗರಿಗಳೊಳಗೆ ಹಾಕಿ ತಡಕಿ. ಗಟ್ಟಿಯಾಗಿದ್ದು, ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿದರೆ, ಒಳಗೆ ಏನೋ ಉಂಡೆ ಕಟ್ಟಿದೆ. ಒತ್ತಿದಾಗ ಒಳಗೆ ನೀರು ಕುಲುಕಿದಂತಾಗಿ, ಬಾಯಿಂದ ಹುಳಿ ಹೆಂಡದ ವಾಸನೆ ಬಂದರೆ ಅದು ಬೇರೆ ಕಥೆ.

ಮೊದಲನೆಯದರಲ್ಲಿ ಏನು ಸಿಕ್ಕಿಕೊಂಡಿರುತ್ತದೆ? ಹೆಚ್ಚಾಗಿ ಹುಲ್ಲು. ಬೇರಿರುವ ಹುಲ್ಲನ್ನು ಕೋಳಿ ಎಳೆದಾಗ ಅದು ತುಂಡಾಗಿ ಬರುತ್ತದೆ. ಕತ್ತರಿಸಿ ಗುಡ್ಡೆ ಹಾಕಿದ ಉದ್ದ ಹುಲ್ಲಿನಲ್ಲಿ ಎಳೆಯುವುದಕ್ಕೆ ಆಧಾರವಿಲ್ಲ, ಇಡೀ ಎಸಳೇ ಒಳಗೆ ಹೋಗುತ್ತದೆ. ಪಾರ್ಕಿನಿಂದ ಪ್ರೀತಿಯಿಂದ ತಂದು ಹಾಕುವ ಹುಲ್ಲು ಹೀಗೆ ತೊಂದರೆ ಕೊಡುತ್ತದೆ. ಊರಿನ ಬೇರೆ ಸಾಮಾನುಗಳೂ ಇವೆ. ದೇವರಿಗೆ ಹಾಕಿ ಒಣಗಿದ ಹೂವಿನ ಹಾರವನ್ನು ಗಿಡದ ಬುಡಕ್ಕೆ ಎಸೆಯುತ್ತೇವೆ, ಹೂವಿನ ಜೊತೆ ದಾರವೂ ಹೋಗುತ್ತದೆ. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡ್, ಕುಂಡಕ್ಕೆ ಹಾಕಿದ ತೆಂಗಿನ ನಾರು, ಬಾಚಣಿಗೆಯಿಂದ ತೆಗೆದ ಕೂದಲು. ಒಂದು ದಾರ ಸಾಕು, ಅದರ ಸುತ್ತ ಉಳಿದದ್ದೆಲ್ಲ ಸುತ್ತಿಕೊಂಡು ಕೆಳಗಿನ ಕಿರಿದಾದ ಬಾಯಿಗೆ ಅಡ್ಡವಾಗುತ್ತದೆ. ಬೇಸಿಗೆಯಲ್ಲಿ ನೀರಿನ ಬಟ್ಟಲು ಮಧ್ಯಾಹ್ನಕ್ಕೇ ಬತ್ತಿಹೋದರೆ ಉಂಡೆ ಇನ್ನೂ ಗಟ್ಟಿ.

ಎರಡನೆಯದು ಕ್ಯಾಂಡಿಡಾ ಎಂಬ ಯೀಸ್ಟಿನ ಕೆಲಸ. ಆರೋಗ್ಯವಾಗಿರುವ ಕೋಳಿಯಲ್ಲೂ ಅದು ಒಂದಿಷ್ಟು ಇರುತ್ತದೆ, ಲ್ಯಾಕ್ಟೋಬ್ಯಾಸಿಲಸ್‌ಗಳು ಅದನ್ನು ತಲೆ ಎತ್ತಲು ಬಿಡುವುದಿಲ್ಲ. ಮೇವು ನಿಂತಲ್ಲೇ ನಿಂತರೆ, ಬ್ರೆಡ್ಡು ಬೆಲ್ಲ ಜಾಸ್ತಿಯಾದರೆ, ಇಲ್ಲವೇ ಯಾವುದೋ ಕಾರಣಕ್ಕೆ ಆ್ಯಂಟಿಬಯಾಟಿಕ್ ಕೊಟ್ಟು ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ ಅದಕ್ಕೆ ಹಬ್ಬ. ಚೀಲದ ಒಳಗೋಡೆ ದಪ್ಪವಾಗಿ ಬೆಳ್ಳಗೆ ಸುಕ್ಕುಗಟ್ಟುತ್ತದೆ. ಇಂಥದ್ದಕ್ಕೆ ಮೆಡಿಕಲ್ ಸ್ಟೋರಿನಿಂದ ಮತ್ತೊಂದು ಆ್ಯಂಟಿಬಯಾಟಿಕ್ ತಂದು ಹಾಕುವವರಿದ್ದಾರೆ. ಬೆಂಕಿಗೆ ತುಪ್ಪ ಸುರಿದ ಹಾಗೆ. ಯೀಸ್ಟಿಗೆ ಕೊಡುವ ನಿಸ್ಟಾಟಿನ್ ಬೇರೆಯೇ ಔಷಧಿ, ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಮೂರನೆಯದೂ ಒಂದಿದೆ. ಹಿಗ್ಗಿ ಹಿಗ್ಗಿ ಸ್ನಾಯು ಸೋತು ಜೋತುಬಿದ್ದ ಚೀಲ. ಅದು ಮತ್ತೆ ಮೊದಲಿನಂತಾಗುವುದು ಕಷ್ಟ. ಎದೆಗೆ ಬಟ್ಟೆಯ ಪಟ್ಟಿ ಕಟ್ಟಿ, ಮೆತ್ತಗಿನ ಮೇವು ಸ್ವಲ್ಪ ಸ್ವಲ್ಪವೇ ಕೊಟ್ಟು ನಿಭಾಯಿಸುವವರಿದ್ದಾರೆ.

ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಚೀಲವನ್ನೇ ರೋಗ ಅಂದುಕೊಳ್ಳುವಲ್ಲಿ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತಿವೆ ಅಂದರೆ ಫ್ಲೈಓವರ್ ಕೆಟ್ಟಿದೆ ಅಂತಲ್ಲ, ಮುಂದೆಲ್ಲೋ ಬಸ್ಸು ಕೆಟ್ಟು ನಿಂತಿರಬಹುದು. ಮೇವುಚೀಲ ಇಳಿಯುವುದು ಗಿಜರ್ಡ್ ಖಾಲಿಯಾದಾಗ, ಗಿಜರ್ಡ್ ಖಾಲಿಯಾಗುವುದು ಕರುಳು ನಡೆದಾಗ. ಕರುಳಿನ ತುಂಬ ಜಂತುಹುಳು ಇರಬಹುದು. ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಅಂಥ ಕೋಳಿ ಬಾಲ ಇಳಿಬಿಟ್ಟು ನೆಟ್ಟಗೆ ನಿಂತು ತಿಣುಕುತ್ತಿರುತ್ತದೆ. ಹಳೆಯ ಗೇಟಿನ ಬಣ್ಣದ ಹಕ್ಕಳೆ ಕುಕ್ಕಿ ತಿಂದು ಸೀಸದ ವಿಷ ಏರಿದರೂ ಜೀರ್ಣಾಂಗ ನಿಂತುಹೋಗುತ್ತದೆ. ಇನ್ನೊಂದು ಮ್ಯಾರೆಕ್ಸ್ ಕಾಯಿಲೆ. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ವಿವರಿಸಿದ್ದು. ಇದರ ವೈರಸ್ ನರಗಳಿಗೇ ಹೊಡೆಯುತ್ತದೆ. ಚೀಲಕ್ಕೆ ಹೋಗುವ ವೇಗಸ್ ನರ ಊದಿಕೊಂಡರೆ ಒಳಗೆ ಏನೂ ಅಡ್ಡವಿಲ್ಲದಿದ್ದರೂ ಚೀಲ ಹಿಂಡುವುದಿಲ್ಲ. ಕೆಲವು ತಿಂಗಳ ಪ್ರಾಯದ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದಿದ್ದರೆ ಅನುಮಾನ ಬರಬೇಕು. ಅದಕ್ಕೆ ಮದ್ದಿಲ್ಲ. ಮರಿ ಹುಟ್ಟಿದ ದಿನವೇ ಹಾಕುವ ಲಸಿಕೆ ಇದೆ. ಹ್ಯಾಚರಿಗಳಲ್ಲಿ ಹಾಕುತ್ತಾರೆ, ಸಂತೆಯಲ್ಲಿ ಕೊಂಡ ನಾಟಿ ಮರಿಗೆ ಹಾಕಿರುವುದು ಅಪರೂಪ.

ಮನೆಯಲ್ಲಿ ಮಾಡಬಹುದಾದ್ದು ಕಡಿಮೆ. ಆದರೆ ಗಟ್ಟಿ ಉಂಡೆ ಈಗಷ್ಟೇ ಶುರುವಾಗಿದ್ದು ಕೋಳಿ ಚುರುಕಾಗಿದ್ದರೆ ಅಷ್ಟೇ ಸಾಕಾಗುವುದೂ ಉಂಟು. ಅದನ್ನು ಬೇರೆ ಇಡಿ, ಕೆಳಗೆ ಬಿಳಿ ಬಟ್ಟೆಯೋ ಪೇಪರ್ರೋ ಹಾಸಿ. ಹಿಕ್ಕೆ ಬೀಳುತ್ತಿದೆಯಾ ಅನ್ನುವುದು ಚೀಲದಷ್ಟೇ ಮುಖ್ಯ. ಅರ್ಧ ದಿನದಿಂದ ಒಂದು ದಿನ ಮೇವು ನಿಲ್ಲಿಸಿ, ನೀರು ಮಾತ್ರ ಇಡಿ. ಅದೇ ಕೊಕ್ಕಿನಿಂದ ಮುಟ್ಟಿ ಕುಡಿಯುವಂತೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಕೊಡಬಹುದು. ಆಮೇಲೆ ಬೆರಳಿನಿಂದ ಹಗುರವಾಗಿ, ಕೆಲವೇ ನಿಮಿಷ, ದಿನದಲ್ಲಿ ಕೆಲವು ಸಲ ಉಂಡೆಯನ್ನು ಬಿಡಿಸಿದಂತೆ ನೀವುವುದು. ಕೋಳಿ ಕೊಸರಾಡಿದರೆ ಬಿಟ್ಟುಬಿಡಿ. ದಿನಗಟ್ಟಲೆ ಉಪವಾಸ ಹಾಕುವುದು ಸರಿಯಲ್ಲ. ಮಾಂಸಕ್ಕೆ ಕಳಿಸುವ ಮೊದಲು ಮೇವು ನಿಲ್ಲಿಸಿದ ಬ್ರಾಯ್ಲರ್‌ಗಳಲ್ಲಿ ಮೇವುಚೀಲದ ಹುಳಿ ಕಡಿಮೆಯಾಗಿ ಸಾಲ್ಮೊನೆಲ್ಲಾ ಹೆಚ್ಚುವುದನ್ನು ಸಂಶೋಧಕರು ಕಂಡಿದ್ದಾರೆ. ಹಸಿದ ಕೋಳಿ ನೆಲದ ಕಸವನ್ನೂ ಕುಕ್ಕುತ್ತದೆ. ಒಂದು ಚಮಚ ಮೊಸರಿನಿಂದ ಕೇಡೇನಿಲ್ಲ, ಆದರೆ ದಾರದ ಉಂಡೆಯನ್ನು ಮೊಸರು ಕರಗಿಸುವುದಿಲ್ಲ. ವಿನಿಗರ್ ಕೂಡ ಅಷ್ಟೇ.

ಕೋಳಿಯನ್ನು ತಲೆಕೆಳಗು ಮಾಡಿ ಚೀಲ ಹಿಂಡಿ ವಾಂತಿ ಮಾಡಿಸುವ ವಿಡಿಯೋಗಳನ್ನು ನೋಡಿರುತ್ತೀರಿ. ದಯವಿಟ್ಟು ಬೇಡ. ಕೋಳಿಯ ಬಾಯಿ ತೆರೆದು ನೋಡಿ. ನಾಲಿಗೆಯ ಬುಡದಲ್ಲೇ ಒಂದು ಸೀಳು ತೆರೆದು ಮುಚ್ಚುತ್ತಿರುತ್ತದೆ. ಅದೇ ಉಸಿರಿನ ದಾರಿ. ನಮಗಿರುವಂತೆ ಅದರ ಮೇಲೆ ಮುಚ್ಚಳವಿಲ್ಲ. ಮೇಲಕ್ಕೆ ಬಂದ ಕೊಳೆತ ನೀರು ಅಲ್ಲಿಗೆ ಇಳಿದರೆ ಮುಗಿಯಿತು, ಕೋಳಿ ಕೈಯಲ್ಲೇ ಹೋಗುತ್ತದೆ. ಸಿರಿಂಜಿನಲ್ಲಿ ಬಲವಂತವಾಗಿ ನೀರು ಹಾಕುವುದರಲ್ಲೂ ಇದೇ ಅಪಾಯ.

ಒಂದು ದಿನ ಕಳೆದರೂ ಚೀಲ ಇಳಿಯದಿದ್ದರೆ, ಹಿಕ್ಕೆ ನಿಂತಿದ್ದರೆ, ವಾಸನೆ ಬರುತ್ತಿದ್ದರೆ ವೈದ್ಯರ ಹತ್ತಿರವೇ ಹೋಗಬೇಕು. ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ. ಗಿರಿರಾಜ ಕೋಳಿಯನ್ನು ರೂಪಿಸಿದ್ದೂ ಆ ಕ್ಯಾಂಪಸ್ಸಿನಲ್ಲೇ. ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್‌ಗಳೇ ಜಾಸ್ತಿ, ಹಕ್ಕಿ ನೋಡುತ್ತೀರಾ ಎಂದು ಮೊದಲೇ ಫೋನ್ ಮಾಡಿ ಕೇಳಿ. ಉಂಡೆ ಬಿಡದಿದ್ದರೆ ಅರಿವಳಿಕೆ ಕೊಟ್ಟು, ಚರ್ಮ ಮತ್ತು ಚೀಲವನ್ನು ಸ್ವಲ್ಪವೇ ಸೀಳಿ, ಒಳಗಿನದನ್ನು ತೆಗೆದು, ಎರಡಕ್ಕೂ ಬೇರೆ ಬೇರೆ ಹೊಲಿಗೆ ಹಾಕುತ್ತಾರೆ. ಇದನ್ನು ಬ್ಲೇಡಿನಲ್ಲಿ ಮನೆಯಲ್ಲೇ ಮಾಡುವ ಸಾಹಸ ಕ್ರೌರ್ಯವೇ ಸರಿ.

ಒಂದು ಕೋಳಿಯ ಚೀಲ ನಿಂತರೆ ಅದು ಆ ಕೋಳಿಯ ಕಥೆ. ಗೂಡಿನ ನಾಲ್ಕೂ ಒಟ್ಟಿಗೆ ತೂಕಡಿಸಿ, ಹಸಿರು ಭೇದಿಯಾಗಿ, ಕುತ್ತಿಗೆ ತಿರುಚಿಕೊಂಡರೆ ಒಂದರಿಂದ ಒಂದಕ್ಕೆ ಬೇಗ ಹರಡುವ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಆಗ ಮೇವುಚೀಲ ನೀವುತ್ತಾ ಕೂರುವುದಲ್ಲ, ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಬೇಕು. ಸತ್ತ ಹಕ್ಕಿಯನ್ನು ಬರಿಗೈಲಿ ಮುಟ್ಟಬಾರದು.

ವೈದ್ಯರು ಔಷಧಿ ಬರೆದುಕೊಟ್ಟರೆ ಹೊರಡುವ ಮೊದಲು ಇನ್ನೊಂದು ಮಾತು ಕೇಳಿಕೊಳ್ಳಿ: ಎಷ್ಟು ದಿನ ಇದರ ಮೊಟ್ಟೆ ತಿನ್ನಬಾರದು? ಹುಳುವಿನ ಮದ್ದಿಗೊಂದು ಲೆಕ್ಕ, ಆ್ಯಂಟಿಬಯಾಟಿಕ್‌ಗೆ ಇನ್ನೊಂದು. ಕೇಳದಿದ್ದರೆ ಹೆಚ್ಚಿನವರು ತಾವಾಗಿ ಹೇಳುವುದಿಲ್ಲ, ಮನೆಯ ಕೋಳಿ ಸಾಕಿದ ಮುದ್ದಿಗೆ ಮಾತ್ರ ಅಂದುಕೊಂಡಿರುತ್ತಾರೆ.