ಮಣ್ಣು ಹೊದ್ದ ಇರುವೆ: ಬ್ಯಾಸಿಸೆರಸ್ ಟಿಪ್ಪಣಿ

ಮರೆಮಾಚುವ ಜೀವಿಗಳು ಅಂದ ಕೂಡಲೇ ಕಡ್ಡಿಹುಳು, ಎಲೆಹುಳು, ಗೋಸುಂಬೆ ಎಂದು ಬರೆದುಬಿಡುತ್ತೇವೆ. ಇರುವೆ ನೆನಪಿಗೇ ಬರುವುದಿಲ್ಲ. ಸಾಲುಗಟ್ಟಿ ಓಡಾಡುವ, ಮುಟ್ಟಿದರೆ ಕಚ್ಚುವ ಪ್ರಾಣಿಗೆ ಅಡಗಿಕೊಳ್ಳುವ ದರ್ದೇನು, ಅಲ್ವಾ? ಬ್ಯಾಸಿಸೆರಸ್ ಎಂಬ ಇರುವೆ ಕುಲದ ಬಗ್ಗೆ ಓದುವಾಗ ಈ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಇವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನ ಇರುವೆಗಳು. ಇರುವೆಗಳ ದೊಡ್ಡ ಗುಂಪುಗಳಲ್ಲಿ ಒಂದಾದ ಮಿರ್ಮಿಸಿನೇ ಉಪಕುಟುಂಬಕ್ಕೆ ಸೇರಿದವು. ನೆಲದ ಮೇಲಿನ ತರಗೆಲೆ, ಕೊಳೆತ ಕಟ್ಟಿಗೆ, ಇಷ್ಟೇ ಇವುಗಳ ಲೋಕ. ಒಂದು ಗೂಡಿನಲ್ಲಿ ಕೆಲವು ಡಜನ್ ಕೆಲಸಗಾರ ಇರುವೆಗಳಿದ್ದರೆ ಹೆಚ್ಚು. ಇದು ಮುಖ್ಯ ಅಂಶ. ಸಾವಿರಗಟ್ಟಲೆ ಇರುವೆಗಳಿರುವ ಗೂಡಿಗೆ ಹತ್ತು ಸತ್ತರೆ ಲೆಕ್ಕವಿಲ್ಲ. ಇಲ್ಲಿ ಹತ್ತು ಹೋದರೆ ಮನೆಯ ದೊಡ್ಡ ಪಾಲೇ ಖಾಲಿ.

ಈಗ ಮೈಮೇಲಿನ ಕೂದಲಿಗೆ ಬರೋಣ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬೆನ್ನಿನ ಮೇಲೆ, ಕಾಲಿನ ಹೊರಮೈ ಮೇಲೆ ಎರಡು ಪದರ ಕಾಣುತ್ತದೆ. ಮೇಲಿನವು ಉದ್ದ, ನೆಟ್ಟಗೆ ನಿಂತವು. ತುದಿ ಮಾತ್ರ ಹಳೇ ಹಲ್ಲುಜ್ಜುವ ಬ್ರಶ್ಶಿನ ಹಾಗೆ ಸೀಳಿ ಕೆದರಿರುತ್ತದೆ. ಅವುಗಳ ಬುಡದಲ್ಲಿ, ಚರ್ಮಕ್ಕೆ ಹತ್ತಿರವಾಗಿ, ಗರಿಯಂತೆ ಕವಲೊಡೆದ ಗಿಡ್ಡ ಕೂದಲು. ಉದ್ದದವು ನುಣ್ಣನೆ ಮಣ್ಣನ್ನು ಕೆರೆದುಕೊಳ್ಳುತ್ತವೆ, ಗಿಡ್ಡವು ಅದನ್ನು ಬಿಡದೆ ಹಿಡಿದುಕೊಳ್ಳುತ್ತವೆ. ಈ ವಿವರಣೆ ಕೊಟ್ಟವರು ಇರುವೆ ತಜ್ಞರಾದ ಬರ್ಟ್ ಹೋಲ್‌ಡಾಬ್ಲರ್ ಮತ್ತು ಎಡ್ವರ್ಡ್ ವಿಲ್ಸನ್, 1986ರಲ್ಲಿ.

ನಮ್ಮ ತೋಟಗಳಲ್ಲಿ ಬೆನ್ನ ಮೇಲೆ ಕಸದ ಗುಡ್ಡೆ ಹೊತ್ತು ನಡೆಯುವ ಲೇಸ್‌ವಿಂಗ್ ಎಂಬ ಕೀಟದ ಮರಿಹುಳುವನ್ನು ನೀವು ನೋಡಿರಬಹುದು. ಅದು ಬಾಯಿಂದ ಕಸ ಹೆಕ್ಕಿ ತಾನೇ ಬೆನ್ನ ಮೇಲೆ ಪೇರಿಸಿಕೊಳ್ಳುತ್ತದೆ. ಬ್ಯಾಸಿಸೆರಸ್‌ಗೆ ಆ ಕೆಲಸವಿಲ್ಲ. ಓಡಾಡುತ್ತಾ ಇದ್ದರೆ ಸಾಕು, ಮಣ್ಣು ತಾನಾಗಿ ಸೇರುತ್ತದೆ. ಹಾಗಾಗಿ ಕೊಳೆ ನೋಡಿಯೇ ವಯಸ್ಸನ್ನು ಅಂದಾಜು ಮಾಡಬಹುದು. ಕೋಶಾವಸ್ಥೆ (ಪ್ಯೂಪಾ) ಮುಗಿಸಿ ಹೊಸದಾಗಿ ಹೊರಬಂದ ಇರುವೆ ಶುಭ್ರವಾಗಿರುತ್ತದೆ, ಮೈಬಣ್ಣ ಚೆನ್ನಾಗಿ ಕಾಣುತ್ತದೆ. ಆಹಾರ ಹುಡುಕಲು ಹೊರಗೆ ಹೋಗುವ ಹಳಬರ ಮೇಲೆ ಮಣ್ಣಿನ ಪದರ ದಪ್ಪ. ಮೈ ತಿಕ್ಕಿಕೊಳ್ಳುವುದರಲ್ಲೇ ದಿನ ಕಳೆಯುವ ಬೇರೆ ಇರುವೆಗಳ ಪಕ್ಕದಲ್ಲಿಟ್ಟರೆ ಇದೊಂದು ವಿಚಿತ್ರ ಸಂಸಾರ.

ಆದರೆ ಬರೀ ಮಣ್ಣು ಮೆತ್ತಿಕೊಂಡರೆ ಆಗುವುದಿಲ್ಲ. ಮಣ್ಣಿನ ಉಂಡೆ ಸರಸರ ಓಡಿದರೆ ಹಕ್ಕಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ನನ್ನ ಪ್ರಕಾರ ಈ ಪಾಠದ ತಿರುಳು ಇಲ್ಲಿದೆ, ಕೂದಲಿನ ಚಿತ್ರ ಬಿಡಿಸಿ ಸುಮ್ನೆ ಮುಂದೆ ಹೋಗಬೇಡಿ. ಇರುವೆಗಳಲ್ಲೇ ಅತ್ಯಂತ ನಿಧಾನದವುಗಳ ಸಾಲಿಗೆ ಇವು ಸೇರುತ್ತವೆ. ಗೂಡಿನೊಳಗೂ ಹೆಚ್ಚು ಹೊತ್ತು ಮೀಸೆ ಕೂಡ ಅಲ್ಲಾಡಿಸದೆ ನಿಂತಿರುತ್ತವೆ. ಕೆದಕಿದರೆ ಓಡುವುದಿಲ್ಲ, ಕಚ್ಚಲು ಬರುವುದಿಲ್ಲ. ನಿಂತಲ್ಲೇ ನಿಮಿಷಗಟ್ಟಲೆ ಮರಗಟ್ಟಿಬಿಡುತ್ತವೆ. ಬೇಟೆಯೂ ಹಾಗೇ, ಒಂಟಿಯಾಗಿ, ನಿಧಾನವಾಗಿ. ಮೆತ್ತಗಿನ ಮೈಯ ಸಣ್ಣ ಹುಳುಗಳನ್ನು ಹಿಡಿದು ಗೂಡಿಗೆ ತರುತ್ತವೆ.

ಇಷ್ಟು ಚೆನ್ನಾಗಿ ಅಡಗಿದರೆ ವಿಜ್ಞಾನಿಗಳಿಗೂ ಕಾಣುವುದಿಲ್ಲ. ಕುಲದ ಮೊದಲ ಪ್ರಭೇದ ಸಿಂಗ್ಯುಲ್ಯಾರಿಸ್‌ಗೆ 1858ರಲ್ಲೇ ಹೆಸರು ಬಿದ್ದಿತ್ತು. ಮ್ಯಾನ್ನಿ ಪ್ರಭೇದಕ್ಕೆ 1960ರಲ್ಲಿ. ಆದರೂ ಇವು ತೀರಾ ಅಪರೂಪ ಎಂದೇ ಬಹುಕಾಲ ನಂಬಿದ್ದರು. ಕೋಸ್ಟರಿಕಾದ ಲಾ ಸೆಲ್ವಾ ಸಂಶೋಧನಾ ಕೇಂದ್ರದ ಕಾಡಿನಲ್ಲಿ ವಿಲ್ಸನ್ ಮತ್ತು ಹೋಲ್‌ಡಾಬ್ಲರ್ ಮ್ಯಾನ್ನಿಯನ್ನು ಹುಡುಕಿದಾಗ ಸುಳಿವು ಕೊಟ್ಟದ್ದು ಬೆಳೆದ ಇರುವೆಗಳಲ್ಲ, ಬೆಳ್ಳಗಿನ ಮರಿಹುಳುಗಳು ಮತ್ತು ಕೋಶಗಳು. ಮರಿಗಳಿಗೆ ಮಣ್ಣಿನ ಅಂಗಿ ಇಲ್ಲವಲ್ಲ! ಕೊಳೆತ ಕಟ್ಟಿಗೆ ಒಡೆದು ಬಿಳಿ ಚುಕ್ಕೆ ಕಂಡರೆ ಅಲ್ಲೇ ಕಣ್ಣು ನೆಟ್ಟು ಕೂರಬೇಕು. ಇನ್ನೊಂದು ದಾರಿ ವಿಂಕ್ಲರ್ ಚೀಲ. ತರಗೆಲೆಯನ್ನು ಜರಡಿ ಹಿಡಿದು, ಆ ಪುಡಿಯನ್ನು ಬಲೆಯ ಚೀಲದಲ್ಲಿ ತುಂಬಿ ತೂಗುಹಾಕುತ್ತಾರೆ. ಪುಡಿ ಒಣಗುತ್ತಾ ಬಂದಂತೆ ಒಳಗಿನ ಜೀವಿಗಳು ಹೊರಗೆ ಸರಿದು ಕೆಳಗಿನ ಆಲ್ಕೋಹಾಲಿಗೆ ಬೀಳುತ್ತವೆ. ಅಡಗಿದ್ದನ್ನು ಕಣ್ಣಿಂದ ಹುಡುಕುವ ಕಷ್ಟವೇ ಇಲ್ಲ.

ಈ ವೇಷ ಎಷ್ಟು ಹಳೆಯದು? ಕೆರಿಬಿಯನ್ನಿನ ಡೊಮಿನಿಕನ್ ಅಂಬರಿನಲ್ಲಿ, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೇ ಮರದ ಅಂಟಿನಲ್ಲಿ, ಸಿಕ್ಕ ಇರುವೆಯೊಂದಕ್ಕೆ 2025ರಲ್ಲಿ ಬ್ಯಾಸಿಸೆರಸ್ ಎನಾನಾ ಎಂದು ಹೆಸರಿಟ್ಟರು. ಸುಮಾರು 1.6 ಕೋಟಿ ವರ್ಷ ಹಿಂದಿನದು. ಉದ್ದ 5 ಮಿಲಿಮೀಟರಿಗಿಂತ ತುಸು ಜಾಸ್ತಿ. ಇಂದಿನವು 9 ಮಿಲಿಮೀಟರಿನ ಹತ್ತಿರ ಬೆಳೆಯುತ್ತವೆ. ಗಾತ್ರ ಬದಲಾದರೂ ಎರಡು ಪದರದ ಕೂದಲು ಆಗಲೇ ಇತ್ತು. ಕೆರಿಬಿಯನ್ ದ್ವೀಪಗಳಲ್ಲಿ ಈಗ ಈ ಕುಲದ ಒಂದು ಇರುವೆಯೂ ಇಲ್ಲ. ಒಂದು ಕಾಲಕ್ಕೆ ಅಲ್ಲಿತ್ತು ಎಂದು ಗೊತ್ತಾದದ್ದೇ ಈ ಅಂಬರಿನಿಂದ.