ಕತ್ತರಿಗೆ ಸಿಕ್ಕ ಕಥೆ, ಕಳೆದುಹೋದ ಹೆಸರು

ಮಕ್ಕಳಿಗಾಗಿ ದೊಡ್ಡ ಕಥೆಗಳನ್ನು ಚಿಕ್ಕದು ಮಾಡುವುದು ಸಂಪಾದಕಿಯಾಗಿ ನನ್ನ ದಿನನಿತ್ಯದ ಕೆಲಸ. ಹಾಗಾಗಿ ಯಾವ ಹಳೆಯ ಕಥೆ ಕೈಗೆ ಬಂದರೂ, ಅದರಿಂದ ಏನೇನು ತೆಗೆದಿದ್ದಾರೆ ಅಂತ ಮೊದಲು ನೋಡುತ್ತೇನೆ. ‘ಬ್ಯೂಟಿ ಅಂಡ್ ದ ಬೀಸ್ಟ್’ ಅಂದರೆ ಶಾಪದಿಂದ ಮೃಗವಾದ ರಾಜಕುಮಾರ ಮತ್ತು ಅವನ ಅರಮನೆಗೆ ಬಂದು ಉಳಿಯುವ ವ್ಯಾಪಾರಿಯ ಮಗಳು ಬ್ಯೂಟಿಯ ಕಥೆ. ಅದರಲ್ಲಿ ಉಳಿಸಿದ್ದಕ್ಕಿಂತ ತೆಗೆದದ್ದೇ ಜಾಸ್ತಿ. ಬರೆದವರ ಹೆಸರೂ ಅದರ ಜೊತೆಗೇ ಹೋಯಿತು.

ಅವರು ಗೇಬ್ರಿಯೆಲ್-ಸುಝಾನ್ ದ ವಿಲ್‌ನವ್ ಎಂಬ ಫ್ರೆಂಚ್ ಲೇಖಕಿ. ಹುಟ್ಟಿದ್ದು 1685ರಲ್ಲಿ, ಪ್ಯಾರಿಸ್‌ನಲ್ಲಿ. ಮನೆತನ ಲಾ ರೊಶೆಲ್ ಊರಿನದು, ಅನುಕೂಲಸ್ಥರು. 1706ರಲ್ಲಿ ಸೇನಾಧಿಕಾರಿಯೊಬ್ಬನ ಜೊತೆ ಮದುವೆಯಾಯಿತು. ಅವನು ಆಸ್ತಿಯನ್ನೆಲ್ಲ ಉಡಾಯಿಸತೊಡಗಿದ. ಆರು ತಿಂಗಳು ಕಳೆಯುವುದರೊಳಗೆ, ತಮ್ಮ ಆಸ್ತಿ ಬೇರೆ ಮಾಡಿಕೊಡಿ ಎಂದು ವಿಲ್‌ನವ್ ಕೇಳಿದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. 1711ರಲ್ಲಿ ಗಂಡ ತೀರಿಕೊಂಡ. ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಮುಂದೆ ಹೊಟ್ಟೆಪಾಡಿಗೆ ಬರವಣಿಗೆ ಹಿಡಿದರು.

1740ರಲ್ಲಿ ಅವರ ಕಥೆಗಳ ಪುಸ್ತಕ ಬಂತು. ಕೆರಿಬಿಯನ್ ದ್ವೀಪಕ್ಕೆ ಹೊರಟ ಹಡಗಿನಲ್ಲಿ ಹೊತ್ತು ಕಳೆಯಲು ಹೇಳುವ ಕಥೆಗಳು ಅವು. ಬ್ಯೂಟಿಯ ಕಥೆ ಅದರಲ್ಲಿ ಒಂದು. ಅದು ದೊಡ್ಡವರ ಕಥೆ, ಉದ್ದವಾದದ್ದು.

ಅಲ್ಲಿ ಮೃಗ ದಿನಾ ರಾತ್ರಿ ಕೇಳುವುದು ‘ನನ್ನನ್ನು ಮದುವೆಯಾಗುತ್ತೀಯಾ’ ಅಂತಲ್ಲ. ತನ್ನ ಜೊತೆ ಮಲಗುತ್ತೀಯಾ ಅಂತ ನೇರವಾಗಿ ಕೇಳುತ್ತದೆ. ಮೊದಲ ಸಲ ಬ್ಯೂಟಿ ಹೆದರಿ ಚೀರುತ್ತಾಳೆ. ಮೃಗ ಸಿಟ್ಟಾಗುವುದಿಲ್ಲ. ಹೆದರಬೇಡ, ಹೂಂ ಅಥವಾ ಊಹೂಂ ಅಂತ ಸರಿಯಾಗಿ ಹೇಳು, ಅನ್ನುತ್ತದೆ. ಅವಳು ಊಹೂಂ ಅಂದ ಕೂಡಲೇ ಶುಭರಾತ್ರಿ ಹೇಳಿ ಹೊರಟುಹೋಗುತ್ತದೆ. ಹೆಂಗಸಿನ ಒಪ್ಪಿಗೆಯನ್ನು ಯಾರೂ ಕೇಳದ ಮದುವೆಗಳ ಕಾಲದಲ್ಲಿ ಬರೆದ ಪುಟ ಇದು. ಇದನ್ನು ಓದುವಾಗ ನನಗೆ ವಿಲ್‌ನವ್ ಅವರ ಮದುವೆ ನೆನಪಾಗದೆ ಇರುವುದಿಲ್ಲ.

ರಾಜಕುಮಾರನ ಹಿನ್ನೆಲೆಯೂ ಅಷ್ಟೇ ಗಟ್ಟಿ. ತಾಯಿ ರಾಣಿ ತಾನೇ ಯುದ್ಧಕ್ಕೆ ಹೋಗಿರುತ್ತಾಳೆ. ಅವನನ್ನು ಸಾಕಿದ ಯಕ್ಷಿಣಿಯೇ ಅವನನ್ನು ಮದುವೆಯಾಗಲು ಹೊರಡುತ್ತಾಳೆ. ಒಪ್ಪದಿದ್ದಕ್ಕೆ ಅವನನ್ನು ಮೃಗ ಮಾಡುತ್ತಾಳೆ.

1756ರಲ್ಲಿ, ಲಂಡನ್ನಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ಲೇಖಕಿ ಲೆಪ್ರೆನ್ಸ್ ದ ಬೋಮೋನ್ ಇದನ್ನು ಚಿಕ್ಕದು ಮಾಡಿ ಪ್ರಕಟಿಸಿದರು. ರಾಣಿಯ ಯುದ್ಧ ಹೋಯಿತು, ಯಕ್ಷಿಣಿಯ ಆಸೆ ಹೋಯಿತು, ವ್ಯಾಪಾರಿಯ ಹನ್ನೆರಡು ಮಕ್ಕಳು ಆರಾದರು. ಕೆಲಸ ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಮೂಲ ಕಥೆಯಲ್ಲಿದ್ದ ಉದ್ದದ ವಂಶಾವಳಿಗಳನ್ನು ನಾನೂ ತೆಗೆಯುತ್ತಿದ್ದೆ. ಆದರೆ ವಿಲ್‌ನವ್ ಅವರ ಹೆಸರನ್ನು ಎಲ್ಲೂ ಹೇಳದೇ ಇದ್ದದ್ದು ಅನ್ಯಾಯ. ಅವರು ಅಷ್ಟರಲ್ಲಿ, 1755ರ ಡಿಸೆಂಬರ್‌ನಲ್ಲೇ, ತೀರಿಕೊಂಡಿದ್ದರು. ಈ ಕಥೆಯನ್ನು ಮತ್ತೆ ಅಚ್ಚು ಹಾಕುವವರು ಮೊದಲ ಪುಟದಲ್ಲಿ ಇಬ್ಬರ ಹೆಸರನ್ನೂ ಹಾಕಲಿ.