ಡಿಕ್ಕಿಗೆ ಹೋದ ಬ್ಯಾಟರಿಗೆ ಯಾವ ಫ್ಯೂಸ್?

ಕಾರಿನ ಬಾನೆಟ್ ಒಳಗಿದ್ದ ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೆ (ಸಾಮಾನು ಇಡುವ ಜಾಗಕ್ಕೆ) ಸಾಗಿಸಿದರೆ ಅರ್ಧ ಮೀಟರ್ ಇದ್ದ ಪಾಸಿಟಿವ್ ಕೇಬಲ್ ಐದು ಮೀಟರ್ ಆಗುತ್ತದೆ. ಸೀಟಿನ ಕೆಳಗೆ, ತಗಡಿನ ತೂತುಗಳಲ್ಲಿ ನುಸುಳಿ ಬರಬೇಕು; ಸುತ್ತಲಿನ ಬಾಡಿಯೆಲ್ಲ ನೆಗೆಟಿವ್. ಎಲ್ಲಿ ಸಿಪ್ಪೆ ಸವೆದರೂ ಶಾರ್ಟ್.

ಫ್ಯೂಸ್ ಕಾಯುವುದು ವೈರನ್ನು ಅಂತ ನಾವೆಲ್ಲ ಉರು ಹೊಡೆದಿದ್ದೇವೆ. ಹಾಗಾದರೆ ಅದರ ಜಾಗ ಬ್ಯಾಟರಿಯ ಮಗ್ಗುಲಲ್ಲೇ. ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟರ್ ಹತ್ತಿರ ಕೂರಿಸಿದರೆ ಹಿಂದಿನ ಐದು ಮೀಟರಿಗೆ ದಿಕ್ಕಿಲ್ಲ.

ಈಗ ಲೆಕ್ಕ. ಬ್ಯಾಟರಿ 12.6 ವೋಲ್ಟ್, ಒಳರೋಧ (ಬ್ಯಾಟರಿಯೊಳಗೇ ಕರೆಂಟಿಗೆ ಇರುವ ತಡೆ) 6 ಮಿಲಿಓಮ್ ಅಂತಿಟ್ಟುಕೊಳ್ಳಿ. 35 ಚದರ ಮಿ.ಮೀ. ತಾಮ್ರದ ಕೇಬಲ್ ಮೀಟರಿಗೆ ಸುಮಾರು 0.55 ಮಿಲಿಓಮ್, ಐದು ಮೀಟರಿಗೆ 2.75. ಕೇಬಲ್‌ನ ಮುಂದಿನ ತುದಿ ಗಟ್ಟಿಯಾಗಿ ಬಾಡಿಗೆ ತಗುಲಿದರೆ 12.6 ಭಾಗಿಸು ಒಟ್ಟು 8.75 ಮಿಲಿಓಮ್, 1,440 ಆಂಪ್. ಸಣ್ಣ ಪೆಟ್ರೋಲ್ ಎಂಜಿನ್‌ಗೆ ಸೆಲ್ಫ್ ಹೊಡೆದಾಗ 100ರಿಂದ 200 ಆಂಪ್ ಹರಿಯುತ್ತದೆ, ಮೋಟರ್ ಕದಲುವ ಮೊದಲ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಅಂದರೆ 500 ಆಂಪನ್ನು ಕ್ಷಣಹೊತ್ತು ತಾಳಿ, 1,440ಕ್ಕೆ ಕರಗುವ ಫ್ಯೂಸ್ ಬೇಕು. 250 ಆಂಪ್‌ನ ಮೆಗಾ ಫ್ಯೂಸ್ (ಬೋಲ್ಟ್ ಹಾಕಿ ಕೂರಿಸುವ ದೊಡ್ಡ ಫ್ಯೂಸ್) ತನ್ನ ರೇಟಿಂಗಿನ ಎರಡು ಪಟ್ಟು ಕರೆಂಟನ್ನು ಕನಿಷ್ಠ ಒಂದು ಸೆಕೆಂಡ್ ತಾಳುತ್ತದೆ. ಸರಿಹೋಯಿತಲ್ಲ?

ಇಲ್ಲ. ಶಾರ್ಟ್ ಫ್ಯೂಸಿನ ಪಕ್ಕದಲ್ಲೇ ಆದರೆ ಕೇಬಲ್‌ನ ರೋಧ ಲೆಕ್ಕಕ್ಕೆ ಬರುವುದಿಲ್ಲ: 12.6 ಭಾಗಿಸು 6 ಮಿಲಿಓಮ್, 2,100 ಆಂಪ್. ಮೆಗಾ ಫ್ಯೂಸ್ ಸುರಕ್ಷಿತವಾಗಿ ಕತ್ತರಿಸಬಲ್ಲ ಮಿತಿ 2,000. ಅದನ್ನು ಮೀರಿದರೆ ಒಳಗೆ ತಂತಿ ಕರಗಿದರೂ ಕಿಡಿ ಆರದೆ ಉಳಿಯಬಹುದು. ಎಎನ್‌ಎಲ್ ಅನ್ನುವ ಇನ್ನೊಂದು ಬಗೆಯ ಫ್ಯೂಸಿಗೆ ಆ ಮಿತಿ 6,000. ನಾನು ಅದನ್ನೇ ಆರಿಸುತ್ತೇನೆ; ರೇಟಿಂಗ್ ಮಾತ್ರ ಕಂಪನಿಯ ಕಾಲ–ಕರೆಂಟ್ ಗ್ರಾಫ್ (ಎಷ್ಟು ಕರೆಂಟಿಗೆ ಎಷ್ಟು ಹೊತ್ತಿನಲ್ಲಿ ಕರಗುತ್ತದೆ ಅನ್ನುವ ಗೆರೆ) ನೋಡಿಯೇ. ಮನೆಯ ಎಂಸಿಬಿ (ಕರೆಂಟ್ ಹೆಚ್ಚಾದರೆ ಟ್ರಿಪ್ ಆಗುವ ಸ್ವಿಚ್) ಹಾಕುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ, ಅದು ಮನೆಯ ಎಸಿ ಕರೆಂಟಿಗೆ ಮಾಡಿದ್ದು, ಬ್ಯಾಟರಿಯ ಡಿಸಿಗಲ್ಲ.

ಆದರೆ ನಿಜವಾದ ತಲೆನೋವು ಅರೆಬರೆ ಶಾರ್ಟ್. ಸವೆದ ಕೇಬಲ್ ತುಕ್ಕು ಹಿಡಿದ ತಗಡನ್ನು ಸೋಕಿ 150 ಆಂಪ್ ಎಳೆಯಿತು ಅನ್ನಿ. 250ರ ಫ್ಯೂಸಿಗೆ ಅದು ಮಾಮೂಲಿ ಲೋಡ್. ಸುಮ್ಮನೆ ಕೂತಿರುತ್ತದೆ, ಕಾರ್ಪೆಟ್ ಕೆಳಗೆ ವೆಲ್ಡಿಂಗ್ ನಡೆಯುತ್ತಿರುತ್ತದೆ. ಅಲ್ಲಿ ಕಾಪಾಡುವುದು ತೂತಿನ ಅಂಚಿಗೆ ಹಾಕಿದ ರಬ್ಬರ್ ಬುಶ್, ಕೇಬಲ್ ಮೇಲಿನ ಕೊಳವೆ, ಅಲುಗಾಡದ ಕ್ಲಿಪ್ಪು. ಬ್ಯಾಟರಿ ಡಿಕ್ಕಿಯಲ್ಲೇ ಇರುವ ಬಿಎಂಡಬ್ಲ್ಯೂ ಇ46ರಲ್ಲಿ ಪಾಸಿಟಿವ್ ತುದಿಗೆ ಸಣ್ಣ ಸಿಡಿಮದ್ದು ಇಟ್ಟಿದ್ದಾರೆ: ಅಪಘಾತದಲ್ಲಿ ಏರ್‌ಬ್ಯಾಗ್ ವ್ಯವಸ್ಥೆಯ ಆಜ್ಞೆ ಬಂದೊಡನೆ ಸೆಲ್ಫ್ ಕೇಬಲ್ ಕಳಚಿಕೊಳ್ಳುತ್ತದೆ, ಉಳಿದ ಲೈನುಗಳಿಗೆ ಕರೆಂಟ್ ಇರುತ್ತದೆ.

ಸಿಡಿಮದ್ದು ನಮ್ಮ ಕೈಗೆ ಬೇಡ. ಸೆಲ್ಫ್ ರಿಲೇಯನ್ನು (ಕೀ ತಿರುಗಿಸಿದಾಗ ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚನ್ನು) ಡಿಕ್ಕಿಯಲ್ಲೇ ಕೂರಿಸಿದರೆ ದಪ್ಪ ಕೇಬಲ್‌ನಲ್ಲಿ ಕರೆಂಟ್ ಇರುವುದು ಕೀ ತಿರುಗಿಸಿದ ಎರಡು ಮೂರು ಸೆಕೆಂಡ್ ಮಾತ್ರ. ಲೈಟು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಚಾರ್ಜಿಂಗ್‌ಗೆ 25 ಚದರ ಮಿ.ಮೀ.ನ ಇನ್ನೊಂದು ಕೇಬಲ್, ಅದಕ್ಕೆ 125 ಆಂಪ್ ಫ್ಯೂಸ್. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ 90 ಆಂಪ್ ಆಲ್ಟರ್ನೇಟರ್‌ಗೆ ಇದು ಸಾಕು. ಈ ಕೇಬಲ್‌ಗೆ ಎಂಜಿನ್ ಓಡುವಾಗ ಮುಂದಿನಿಂದಲೂ ಕರೆಂಟ್ ಬರುತ್ತದೆ, ಹಾಗಾಗಿ ಆಲ್ಟರ್ನೇಟರ್ ಕಡೆಯ ತುದಿಗೂ ಒಂದು ಫ್ಯೂಸ್ ಹಾಕಿ.